ಕಳಿಸಿದವರು ಕೈ ಎತ್ತಿ

ವಿಧಾನಸಭೆಯ ಮೇಜುಗಳ ಅಡಿಗೆ ಚೂಯಿಂಗ್ ಗಮ್ ಅಂಟಿಸುವವರು ಶಾಸಕರೇ. ಇದು ವರ್ಲೀನ್ ಸ್ಟಾಲ್ನೇಕರ್‌ಗೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷದಿಂದ ಅದನ್ನು ಕೆರೆಯುತ್ತಿರುವವಳು ಅವಳು.

ಬೆಳಿಗ್ಗೆ ಐದೂವರೆಗೆ ಬರಬೇಕು. ಮೊಣಕಾಲೂರಬೇಕು. ಮೇಜಿನಡಿ ತಲೆ ತೂರಿಸಿ, ಕತ್ತು ತಿರುಚಿ, ಚಪ್ಪಟೆ ಉಳಿಯಿಂದ ಕೆರೆಯಬೇಕು. ಆಮೇಲೆ ಹಿತ್ತಾಳೆಯ ಕಂಬಿ ಉಜ್ಜಬೇಕು. ಅಮೃತಶಿಲೆಯ ನೆಲ ಒರೆಸಬೇಕು. ಕೊನೆಗೆ ಕಕ್ಕಸು. ಒಂಬತ್ತಕ್ಕೆ ಶಾಸಕರು ಬರುವಷ್ಟರಲ್ಲಿ ಅವಳು ಕಣ್ಣಿಗೆ ಬೀಳಬಾರದು. ಅದು ಗುತ್ತಿಗೆದಾರನ ನಿಯಮ. ಶಾಸಕರನ್ನು ಮಾತಾಡಿಸಬಾರದು. ಅವರಾಗಿ ಮಾತಾಡಿಸಿದರೆ ನಮಸ್ಕಾರ ಹೇಳಿ ಗೋಡೆಗೆ ಸರಿಯಬೇಕು. ಹನ್ನೊಂದು ವರ್ಷದಲ್ಲಿ ಅವಳ ಹೆಸರು ಕೇಳಿದವರು ಅಲ್ಲಿ ಯಾರೂ ಇಲ್ಲ.

ಅವಳ ಜೊತೆ ಕೆಲಸ ಮಾಡುವವಳು ಮಿಸ್ ಲೂಡಿ. ಕಪ್ಪು ಹೆಂಗಸು, ಅರವತ್ತೆಂಟು ವಯಸ್ಸು, ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿದೆ. ಮಿಸ್ ಲೂಡಿ ಕಸದ ಬುಟ್ಟಿಗೆ ಬಿದ್ದ ಕಾಗದವನ್ನೆಲ್ಲ ಓದುತ್ತಾಳೆ. ರಾಜ್ಯ ನಡೆಯುವುದು ಹೇಗೆ ಅಂತ ಅವಳು ತಿಳಿದುಕೊಂಡಿದ್ದೇ ಬುಟ್ಟಿಯಿಂದ. ಜನವರಿಯ ಒಂದು ಬೆಳಿಗ್ಗೆ ಅವಳು ಸಮಿತಿ ಕೋಣೆಯಿಂದ ಒಂದು ಕಾಗದ ಹಿಡಿದು ಬಂದಳು.

"ವರ್ಲೀನ್, ಇಲ್ಲಿ ನೋಡೇ. ಇದು ನಿನ್ನ ಹುಡುಗಿ ವಿಷಯ."

ವರ್ಲೀನ್ ಕೈಗವಸು ಕಳಚಿ ಓದಿದಳು. ಒಂದೇ ಪುಟದ ಮಸೂದೆ. ವಾಷಿಂಗ್ಟನ್ನಿನ ಸಂಸತ್ತು ಮತ ಹಾಕಿ ಯುದ್ಧ ಘೋಷಿಸದ ಹೊರತು ಈ ರಾಜ್ಯದ ಗಾರ್ಡ್ ಪಡೆಯನ್ನು ಕಾಳಗಕ್ಕೆ ಕಳಿಸತಕ್ಕದ್ದಲ್ಲ. ಅಷ್ಟೇ ಇತ್ತು. ಅವಳು ಎರಡು ಸಲ ಓದಿದಳು. ಅವಳಿಗೆ ಕೋಪ ಬಂತು.

"ಅಂದ್ರೆ ಇಷ್ಟು ದಿನ ಮತ ಹಾಕ್ದೇನೇ ಕಳಿಸ್ತಿದ್ರಾ?"

"ಇಪ್ಪತ್ತು ವರ್ಷದಿಂದ," ಅಂದಳು ಮಿಸ್ ಲೂಡಿ. "ಒಬ್ಬನೂ ಬಾಯಿಬಿಟ್ಟು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಮಕ್ಕಳು ಮಾತ್ರ ಹೋಗ್ತಾನೇ ಇದಾವೆ."

ಕ್ರಿಸ್ಟಾ ವರ್ಲೀನಳ ಒಬ್ಬಳೇ ಮಗಳು. ರಾಜ್ಯದ ಅರೆಕಾಲಿಕ ಸೈನ್ಯವಾದ ಗಾರ್ಡ್ ಸೇರಿದ್ದು ಹತ್ತೊಂಬತ್ತಕ್ಕೆ. ನರ್ಸಿಂಗ್ ಓದುವ ಆಸೆ, ಕಾಲೇಜಿನ ಖರ್ಚು ಗಾರ್ಡ್ ಕೊಡುತ್ತದೆ ಅಂತ ಸೇರಿದಳು. ಆ ಬೆಟ್ಟದ ಸೀಮೆಯಲ್ಲಿ ಗಣಿ ಮುಚ್ಚಿದ ಮೇಲೆ ಬಡವರ ಮಕ್ಕಳಿಗೆ ಉಳಿದಿದ್ದ ದಾರಿ ಅದೊಂದೇ. ಶಾಸಕರ ಮಕ್ಕಳು ಯಾರೂ ಆ ದಾರಿಯಲ್ಲಿ ಕಾಣುತ್ತಿರಲಿಲ್ಲ. ತಿಂಗಳಿಗೊಂದು ಶನಿವಾರ ಭಾನುವಾರ ಕವಾಯತು. ಹಳ್ಳ ಉಕ್ಕಿದರೆ ಮರಳಿನ ಚೀಲ ಹೊರುವುದು, ಹಿಮ ಬಿದ್ದರೆ ರಸ್ತೆ ಬಿಡಿಸುವುದು. ಹಳ್ಳ ಉಕ್ಕಿದ ವರ್ಷ ಕ್ರಿಸ್ಟಾ ಮೂರು ದಿನ ಎದೆಮಟ್ಟದ ಕೆಸರಿನಲ್ಲಿ ನಿಂತು ತಗಡಿನ ಟ್ರೇಲರ್ ಮನೆಗಳಿಂದ ಮುದುಕರನ್ನು ಬೆನ್ನ ಮೇಲೆ ಹೊತ್ತು ತಂದಳು. ಊರಿನವರು ಅವಳ ಕೈ ಹಿಡಿದು ಅತ್ತಿದ್ದರು. ಗಾರ್ಡ್ ಅಂದರೆ ಅದು ಅಂತ ತಾಯಿ ಮಗಳು ಇಬ್ಬರೂ ನಂಬಿದ್ದರು.

ಆಮೇಲೆ ಅವಳನ್ನು ಕಾಳಗ ನಡೆಯುತ್ತಿದ್ದ ಮರಳುಗಾಡಿಗೆ ಕಳಿಸಿದರು. ಹತ್ತು ತಿಂಗಳು ಡೀಸೆಲ್ ಟ್ಯಾಂಕರ್ ಓಡಿಸಿದಳು. ರಸ್ತೆಯಲ್ಲಿ ಹೂತಿದ್ದ ಬಾಂಬಿಗೆ ಮುಂದಿದ್ದ ಟ್ಯಾಂಕರ್ ಸಿಡಿಯಿತು. ಅದರಲ್ಲಿದ್ದವನು ಪಕ್ಕದ ಊರಿನ ಬಡಗಿಯ ಮಗ. ಕ್ರಿಸ್ಟಾ ಒಂದು ಕಿವಿ ಕಿವುಡಾಗಿ ವಾಪಸು ಬಂದಳು. ಪೆಟ್ರೋಲ್ ಬಂಕಿಗೆ ಹೋದರೆ ವಾಂತಿ ಮಾಡಿಕೊಳ್ಳುತ್ತಾಳೆ. ತಾಯಿ ಹೋಗಿ ಕಾರಿಗೆ ತುಂಬಿಸಿಕೊಂಡು ಬರಬೇಕು. ನರ್ಸಿಂಗ್ ಅರ್ಧಕ್ಕೆ ನಿಂತಿದೆ. ಹೀಗಿರುವಾಗ ಎರಡನೇ ಸಲ ಆಜ್ಞೆ ಬಂತು. ಮಾರ್ಚ್ ಹದಿನಾಲ್ಕಕ್ಕೆ ಹೊರಡಬೇಕು. ಮತ್ತೆ ಟ್ಯಾಂಕರ್.

ಆ ಸಂಜೆ ಹುರುಳಿಯಂಥ ಕಂದು ಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ಮುಂದಿಟ್ಟು ವರ್ಲೀನ್ ಮಸೂದೆಯ ವಿಷಯ ತೆಗೆದಳು. "ಸಮಿತಿಯೋರು ಜನರ ಅಹವಾಲು ಕೇಳ್ತಾರಂತೆ. ನಾನು ಹೋಗಿ ಮಾತಾಡ್ತೀನಿ."

"ಬೇಡಮ್ಮ."

"ಯಾಕೆ?"

"ನನ್ನ ಹೆಸರು ಎತ್ತಿದ್ರೆ ಸಾರ್ಜೆಂಟ್ ನನ್ನನ್ನ ಹರಿದು ಹಾಕ್ತಾನೆ. ಅಮ್ಮನ ಸೆರಗು ಹಿಡ್ಕೊಂಡು ಅಳ್ತಾಳೆ ಅಂತಾರೆ."

"ಅನ್ಲಿ ಬಿಡು. ನಿನಗೆ ಹೋಗೋಕೆ ಇಷ್ಟಾನಾ?"

ಕ್ರಿಸ್ಟಾ ಚಮಚ ಕೆಳಗಿಟ್ಟಳು. "ಇಷ್ಟ ಯಾರಿಗಿದೆ? ನಾನು ಹೋಗ್ದಿದ್ರೆ ನನ್ನ ಗಾಡೀನ ಆ ಹೊಸ ಹುಡುಗಿಗೆ ಕೊಡ್ತಾರೆ. ಅವಳಿಗೆ ರಿವರ್ಸ್ ಹಾಕೋಕೂ ಬರಲ್ಲ. ಸತ್ತೋಗ್ತಾಳೆ. ಎಲ್ರನ್ನೂ ನಿಲ್ಲಿಸೋ ಹಾಗಿದ್ರೆ ನಿಲ್ಲಿಸು. ನನ್ನೊಬ್ಬಳನ್ನ ಮಾತ್ರ ನಿಲ್ಲಿಸ್ಬೇಡ."

"ಈ ಕಾಗ್ದ ಎಲ್ರದ್ದೂ ಕಣೇ."

"ಹಾಗಾದ್ರೆ ಹೋಗು," ಅಂದಳು ಮಗಳು. ಚಮಚ ಮತ್ತೆ ಎತ್ತಿಕೊಂಡು ಸೇರಿಸಿದಳು: "ಆ ನೀಲಿ ಸ್ವೆಟರ್ ಹಾಕ್ಕೋಬೇಡ. ತೋಳು ಹರಿದಿದೆ."

ವರ್ಲೀನ್ ಅರ್ಧ ದಿನ ರಜೆ ಹಾಕಿ ಸಮಿತಿಯ ಮುಂದೆ ಕೂತಳು. ಬೆಳಿಗ್ಗೆ ತಾನೇ ಒರೆಸಿದ ಮೇಜು. ಅವಳ ಸರದಿಗೆ ಎರಡು ನಿಮಿಷ. ಅವಳು ಬರೆದುಕೊಂಡಿದ್ದನ್ನು ಓದಿದಳು. ಕಿವಿಯ ವಿಷಯ ಓದಿದಳು, ಬಡಗಿಯ ಮಗನ ವಿಷಯ ಓದಿದಳು. ಓದಿ ಮುಗಿಸಿ ಕಾಗದವನ್ನು ಸಮಿತಿಯವರ ಕೈಗೆ ಕೊಟ್ಟಳು. ಎದೆಯ ತುಂಬ ಪದಕ ಹಾಕಿದ ಜನರಲ್ ಒಬ್ಬ ಅವಳಾದ ಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದ. ಮಸೂದೆ ಪಾಸಾದರೆ ವಾಷಿಂಗ್ಟನ್ ಸಿಟ್ಟಾಗುತ್ತದೆ, ರಾಜ್ಯಕ್ಕೆ ಬರಬೇಕಾದ ವಿಮಾನಗಳು ಬೇರೆ ರಾಜ್ಯಕ್ಕೆ ಹೋಗುತ್ತವೆ ಅಂದ. ವಿಮಾನಗಳ ಹೆಸರೆಲ್ಲ ಅವನಿಗೆ ಬಾಯಿಪಾಠ. ಸತ್ತವನ ಹೆಸರು ಮಾತ್ರ ಅವನ ಬಾಯಲ್ಲಿ ಬರಲಿಲ್ಲ.

ಸಮಿತಿಯ ಅಧ್ಯಕ್ಷ ವೆಂಡೆಲ್ ಹಾರ್ಗ್ರೇವ್. ಕೆಂಪು ಮುಖ, ಮೃದು ಮಾತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಬಹಳ ಗಂಭೀರ ವಿಷಯ. ಹೆಚ್ಚಿನ ಅಧ್ಯಯನಕ್ಕೆ ಇಟ್ಟುಕೊಳ್ಳೋಣ," ಅಂದ. ಮೇಜಿಗೆ ಮರದ ಸುತ್ತಿಗೆ ಕುಟ್ಟಿದ. ಮುಗಿಯಿತು. ಬೇಕು ಅಂತಲೂ ಯಾರೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹದಿನೆಂಟು ಜನ ಎದ್ದು ಊಟಕ್ಕೆ ಹೋದರು.

"ಅಧ್ಯಯನ ಅಂದ್ರೆ ಏನು ಮಿಸ್ ಲೂಡಿ?" ಹೊರಗೆ ಬಂದು ವರ್ಲೀನ್ ಕೇಳಿದಳು.

"ಡ್ರಾಯರ್. ಅಧಿವೇಶನ ಮುಗಿಯೋವರೆಗೂ ಡ್ರಾಯರ್. ಆಮೇಲೆ ನನ್ನ ಬುಟ್ಟಿ."

ಮರುದಿನ ಬೆಳಿಗ್ಗೆ ಅದೇ ಕೋಣೆಯ ಬುಟ್ಟಿಯಲ್ಲಿ ವರ್ಲೀನಳಿಗೆ ತಾನು ಕೊಟ್ಟ ಕಾಗದ ಸಿಕ್ಕಿತು. ಅದರ ಮೇಲೆ ಕಾಫಿ ಲೋಟದ ದುಂಡನೆಯ ಕಲೆ. ಅವಳು ಅದನ್ನು ಕಸದ ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟಿ ಹೊತ್ತುಕೊಂಡು ಹೋದಳು. ಬೇರೆ ಏನು ಮಾಡಬೇಕಿತ್ತು? ಅದೇ ಅವಳ ಕೆಲಸವಾಗಿತ್ತು.

ವಾರ ಕಳೆದ ಮೇಲೆ ಹಾರ್ಗ್ರೇವ್ ಮೊಗಸಾಲೆಯಲ್ಲಿ ಅವಳನ್ನು ನಿಲ್ಲಿಸಿದ. ಅವಳು ರೂಢಿಯಂತೆ ಗೋಡೆಗೆ ಸರಿದಳು.

"ನೀವೇ ಅಲ್ವಾ ಅವತ್ತು ಮಾತಾಡಿದ್ದು? ನನ್ನ ಹೆಂಡತಿಗೆ ಹೇಳ್ದೆ, ಕಣ್ಣಲ್ಲಿ ನೀರು ಬಂತು ಅಂದ್ಲು."

"ಮಸೂದೆ ಏನಾಯ್ತು ಸರ್?"

"ಅದು ನೋಡೋಣ. ಬರೋ ಗುರುವಾರ ಗಾರ್ಡ್ ದಿನಾಚರಣೆ. ಹೊರಡೋ ಮಕ್ಕಳ ತಾಯಂದಿರ ಪರವಾಗಿ ಒಬ್ಬರನ್ನ ಸದನಕ್ಕೆ ಕರೆದು ಸನ್ಮಾನ ಮಾಡ್ತೀವಿ. ಈ ಸಲ ನೀವೇ. ಒಳ್ಳೆ ಬಟ್ಟೆ ಹಾಕ್ಕೊಂಡು ಬನ್ನಿ. ಗುತ್ತಿಗೆದಾರರಿಗೆ ನಾನು ಹೇಳ್ತೀನಿ." ಅವಳ ಹೆಗಲು ತಟ್ಟಿ ಹೋದ. ಹೆಸರು ಮಾತ್ರ ಆಗಲೂ ಕೇಳಲಿಲ್ಲ. ಆಮೇಲೆ ಅವನ ಗುಮಾಸ್ತೆ ಬಂದು ಬರೆದುಕೊಂಡು ಹೋದಳು.

ಗುರುವಾರ ಗ್ಯಾಲರಿ ತುಂಬಿತ್ತು. ಹೊರಡುವ ಹುಡುಗ ಹುಡುಗಿಯರನ್ನು ಸಮವಸ್ತ್ರದಲ್ಲಿ ಮುಂದಿನ ಸಾಲಿಗೆ ಕೂರಿಸಿದ್ದರು. ಕ್ರಿಸ್ಟಾ ಅಲ್ಲಿದ್ದಳು, ಬೆನ್ನು ನೆಟ್ಟಗೆ, ಕಣ್ಣು ಮುಂದಕ್ಕೆ. ಸಮವಸ್ತ್ರ ಹಾಕಿದವರು ಸದನದಲ್ಲಿ ಮಾತಾಡುವಂತಿಲ್ಲ. ಚಪ್ಪಾಳೆ ಹೊಡೆಸಿಕೊಳ್ಳಬಹುದು ಅಷ್ಟೇ. ಮಿಸ್ ಲೂಡಿ ಹಿಂದಿನ ಬಾಗಿಲ ಬಳಿ ಮಾಪು ಹಿಡಿದು ನಿಂತಿದ್ದಳು. ಒರೆಸಲು ಅಲ್ಲಿ ಏನೂ ಬಿದ್ದಿರಲಿಲ್ಲ.

ವರ್ಲೀನ್ ಚರ್ಚಿಗೆ ಹಾಕುವ ಹಸಿರು ಉಡುಪಿನಲ್ಲಿ ಸದನದ ನಡುವೆ ನಿಂತಳು. ಜನ ತುಂಬಿದ ಸದನವನ್ನು ಅವಳು ನೋಡಿದ್ದು ಅದೇ ಮೊದಲು. ಹಾರ್ಗ್ರೇವ್ ನಿರ್ಣಯ ಓದಿದ. ತ್ಯಾಗಮಯಿ ತಾಯಿ. ವೀರಪುತ್ರಿ. ಚಿರಋಣಿ. ಸ್ಪೀಕರ್ ಅದನ್ನು ಧ್ವನಿಮತಕ್ಕೆ ಹಾಕಿದ.

"ಒಪ್ಪುವವರು ಹೌದು ಎನ್ನಿ."

"ಹೌದು!" ಇಡೀ ಸದನ ಕೂಗಿತು. ಗೋಡೆ ಅದುರಿತು.

"ಒಪ್ಪದವರು?"

ಯಾರೂ ಇಲ್ಲ. ಸರ್ವಾನುಮತ. ಒಂದು ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಹಾರ್ಗ್ರೇವ್ ಚೌಕಟ್ಟು ಹಾಕಿಸಿದ ನಿರ್ಣಯ, ಒಂದು ಕೆಂಪು ಗುಲಾಬಿ ಹಿಡಿದು ಅವಳತ್ತ ಚಾಚಿದ. ಕ್ಯಾಮೆರಾದವನು ಮುಂದೆ ಬಂದು ಮಂಡಿಯೂರಿದ.

ವರ್ಲೀನ್ ಕೈ ಚಾಚಲಿಲ್ಲ.

ಹಾರ್ಗ್ರೇವ್ ನಗುತ್ತಲೇ ಚೌಕಟ್ಟನ್ನು ಇನ್ನಷ್ಟು ಮುಂದಕ್ಕೆ ತಂದ. ಅದು ಅವಳ ಹೊಟ್ಟೆಗೆ ತಾಗಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ತಗೊಳ್ಳಿ," ಅಂತ ಹಲ್ಲುಕಚ್ಚಿಕೊಂಡು ಪಿಸುಗುಟ್ಟಿದ.

"ಬೇಡ," ಅಂದಳು ವರ್ಲೀನ್. ಮೈಕು ಅವನ ಮುಂದಿತ್ತು, ಇಡೀ ಸದನಕ್ಕೆ ಕೇಳಿಸಿತು. "ಕೆಳಗಿಡಿ ಸರ್. ನನಗೊಂದು ಕೇಳೋದಿದೆ."

ಚಪ್ಪಾಳೆ ನಿಂತಿತು.

"ಇದಕ್ಕೆ ಎಲ್ರೂ ಹೌದು ಅಂದ್ರಿ. ಹೋದ ವರ್ಷ ನಮ್ಮ ರಾಜ್ಯದ ಮೀನು ಯಾವುದಾಗ್ಬೇಕು ಅಂತ ಎರಡು ದಿನ ಕಿತ್ತಾಡಿದ್ರಿ. ಕಸ ಗುಡಿಸಿದ್ದು ನಾನೇ. ಮೀನಿಗೂ ಓಟು ಹಾಕಿದ್ರಿ. ನನ್ನ ಮಗಳನ್ನ ಕಳಿಸೋಕೆ ಮಾತ್ರ ಇಲ್ಲೂ ಯಾರೂ ಓಟು ಹಾಕಲ್ಲ, ವಾಷಿಂಗ್ಟನ್ನಲ್ಲೂ ಹಾಕಲ್ಲ. ಹಾಗಾದ್ರೆ ಅವಳನ್ನ ಕಳಿಸ್ತಿರೋದು ಯಾರು? ಗಾಳಿನಾ?"

"ಅಮ್ಮಾ, ದಯವಿಟ್ಟು..." ಸ್ಪೀಕರ್ ಸುತ್ತಿಗೆ ಎತ್ತಿದ.

"ಒಂದೇ ಪ್ರಶ್ನೆ. ಅವಳು ಹೋಗ್ಬೇಕು ಅನ್ನೋರು ಕೈ ಎತ್ತಿ. ನಾನು ಬಯ್ಯಲ್ಲ. ಲೆಕ್ಕ ಹಾಕ್ಕೊಂಡು ಹೋಗ್ತೀನಿ ಅಷ್ಟೇ. ಎತ್ತಿ."

ಒಬ್ಬ ಕೆಮ್ಮಿದ. ಇನ್ನೊಬ್ಬ ಫೋನು ತೆಗೆದ. ಅವಳ ಊರಿನಿಂದಲೇ ಗೆದ್ದು ಬಂದವನು, ಹಳ್ಳ ಉಕ್ಕಿದಾಗ ಕ್ರಿಸ್ಟಾಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡವನು, ಬಗ್ಗಿ ಶೂ ಲೇಸು ಕಟ್ಟತೊಡಗಿದ. ನೂರು ಜನ. ಇನ್ನೂರು ಕೈ. ಅಷ್ಟು ಕೈಗಳೂ ಮೇಜಿನ ಕೆಳಗೆ ಹೋದವು. ಇವರ ಎಂಜಲು ಕೆರೆದು ನನ್ನ ಕೈ ಒಡೆದು ಹೋಯಿತಲ್ಲ ಅಂತ ಅವಳಿಗೆ ಹೇಸಿಗೆಯಾಯಿತು.

ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಆರ್ವಿಲ್ ಟೆನಂಟ್. ಎಂಬತ್ತರ ಹತ್ತಿರದ ಮುದುಕ, ಹಳೆಯ ಸಿಪಾಯಿ. ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟು ಎದ್ದು ನಿಂತ.

"ನಾನು," ಅಂದ. "ಹೋಗ್ಬೇಕು ಅಂತ ನನ್ನ ಅಭಿಪ್ರಾಯ. ನಿಮಗೆ ನೋವಾಗುತ್ತೆ, ಗೊತ್ತು. ಸುಳ್ಳು ಹೇಳಲಾರೆ."

ವರ್ಲೀನ್ ಅವನನ್ನು ದಿಟ್ಟಿಸಿ ನೋಡಿದಳು. ಅವಳಿಗೆ ಅವನ ಮೇಲೆ ಕೋಪ ಬರಬೇಕಿತ್ತು. ಆ ಕ್ಷಣ ಬರಲಿಲ್ಲ.

"ಸರಿ. ಒಂದು," ಅಂದಳು. "ಇನ್ನು ಯಾರು?"

ಮೈಕು ಆಫ್ ಆಯಿತು. ಇಬ್ಬರು ಮಾರ್ಷಲ್‌ಗಳು ಬಂದು ಅವಳ ರಟ್ಟೆ ಹಿಡಿದರು. ಗುಲಾಬಿ ನೆಲಕ್ಕೆ ಬಿತ್ತು. ಹಾರ್ಗ್ರೇವನ ಬೂಟು ಅದರ ಮೇಲೆ ಬಿದ್ದು ಕೆಂಪು ಬಣ್ಣ ಅಮೃತಶಿಲೆಗೆ ಹತ್ತಿತು. ಅದನ್ನು ಒರೆಸುವಂತೆ ಯಾರೋ ಮಿಸ್ ಲೂಡಿಗೆ ಸನ್ನೆ ಮಾಡಿದರು. ಮಿಸ್ ಲೂಡಿ ಮಾಪನ್ನು ಗೋಡೆಗೆ ಒರಗಿಸಿ ವರ್ಲೀನಳ ಹಿಂದೆಯೇ ಹೊರಗೆ ನಡೆದಳು.

ಕ್ರಿಸ್ಟಾ ಮೆಟ್ಟಿಲ ಮೇಲೆ ಸಿಕ್ಕಳು. ಮುಖ ಕೆಂಪಾಗಿತ್ತು.

"ಏನಮ್ಮಾ ಮಾಡ್ಬಿಟ್ಟೆ? ನಮ್ಮ ತುಕಡಿ ಪೂರ್ತಿ ನೋಡ್ತಾ ಇತ್ತು."

"ಬಯ್ಯೋದಿದ್ರೆ ಬಯ್ಯಿ."

ಮಗಳು ಬಯ್ಯಲಿಲ್ಲ. ತಾಯಿಯ ಉಡುಪಿನ ತೋಳು ಮಾರ್ಷಲ್‌ಗಳು ಹಿಡಿದಲ್ಲಿ ಮುದುಡಿತ್ತು. ಅದನ್ನು ಅಂಗೈಯಿಂದ ಉಜ್ಜಿ ಸರಿಮಾಡಿದಳು. "ಸಾರ್ಜೆಂಟ್ ಏನಂದ ಗೊತ್ತಾ? ನಿನ್ನಮ್ಮ ಕೇಳಿದ್ದನ್ನ ನಾನು ಮೂರು ಸಲ ಹೋಗಿ ಬಂದ್ರೂ ಕೇಳಿಲ್ಲ ಅಂದ." ಅಷ್ಟು ಹೇಳಿ ಅತ್ತಳು. ವಾಪಸು ಬಂದ ಮೇಲೆ ಅವಳು ಅತ್ತಿದ್ದು ಅದೇ ಮೊದಲು.

ಗುತ್ತಿಗೆದಾರ ವರ್ಲೀನಳನ್ನು ಕೆಲಸದಿಂದ ತೆಗೆಯಲಿಲ್ಲ. ಅವಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು, ಅದರ ಭಯ. ಅವಳನ್ನು ನಲವತ್ತು ಮೈಲಿ ಆಚೆ ರಸ್ತೆ ಇಲಾಖೆಯ ಗ್ಯಾರೇಜಿಗೆ ಹಾಕಿದ, ಲಾರಿಯವರ ಕಕ್ಕಸು ತೊಳೆಯಲು. ಮಿಸ್ ಲೂಡಿಯನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ. ಅವಳ ಬಗ್ಗೆ ಪತ್ರಿಕೆಯಲ್ಲಿ ಏನೂ ಬಂದಿರಲಿಲ್ಲ.

ಆದರೆ ಮುದುಕ ಟೆನಂಟ್ ಸುಮ್ಮನಿರಲಿಲ್ಲ. ಮುಂದಿನ ವಾರ ಸದನದಲ್ಲಿ ಎದ್ದು, ಆ ಮಸೂದೆಯನ್ನು ಸಮಿತಿಯಿಂದ ಕಿತ್ತು ಇಲ್ಲಿಗೆ ತನ್ನಿ, ನಾನು ಅದರ ವಿರುದ್ಧ ಎಲ್ಲರೆದುರು ಮತ ಹಾಕಬೇಕು, ನೀವೂ ಹಾಕಿ ಅಂದ. ಹಾಗೆ ತರಬೇಕೋ ಬೇಡವೋ ಅನ್ನುವುದಕ್ಕೇ ಮತ ಬಿತ್ತು. ಬೇಡ ಅಂದವರು ಅರವತ್ತೊಂದು. ಬೇಕು ಅಂದವರು ಮೂವತ್ತಮೂರು. ಆರು ಜನ ಕಾಫಿ ಕುಡಿಯಲು ಹೋಗಿದ್ದರು. ಮಸೂದೆ ಅಲ್ಲಿಗೆ ಸತ್ತಿತು. ಮಿಸ್ ಲೂಡಿ ಫೋನು ಮಾಡಿ ಪೇಪರಿನಲ್ಲಿ ಬಂದ ಅಷ್ಟೂ ಹೆಸರುಗಳನ್ನು ಓದಿದಳು. ಕ್ರಿಸ್ಟಾ ಚೀಲಕ್ಕೆ ಬಟ್ಟೆ ತುಂಬುತ್ತಾ ಒಳ್ಳೆಯ ಕಿವಿಯನ್ನು ಫೋನಿನ ಕಡೆ ತಿರುಗಿಸಿ ಕೇಳಿಸಿಕೊಂಡಳು.

"ನಮ್ಮೂರಿನೋನು?"

"ಬೇಡ ಅಂದಿದಾನೆ," ಅಂದಳು ಮಿಸ್ ಲೂಡಿ. "ಪೇಪರಿನೋರು ಕೇಳಿದ್ದಕ್ಕೆ, ನಾನು ಆ ಹುಡುಗಿ ವಿರುದ್ಧ ಓಟು ಹಾಕಿಲ್ಲ, ಬರೀ ಕಾರ್ಯವಿಧಾನದ ವಿರುದ್ಧ ಹಾಕ್ದೆ ಅಂದನಂತೆ."

"ಕಾರ್ಯವಿಧಾನ!" ಕ್ರಿಸ್ಟಾ ನಕ್ಕಳು. "ಬಾಂಬಿಗೆ ಅದನ್ನ ಅಲ್ಲಿ ಹೋಗಿ ಹೇಳ್ತೀನಿ."

ತಾಯಿಗೆ ನಗು ಬರಲಿಲ್ಲ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಟವೆಲನ್ನು ಬಾಯಿಗೆ ತುರುಕಿಕೊಂಡು ಕೂಗಿದಳು.

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಗಾರ್ಡ್ ಪಡೆಯ ಅಂಗಳದಲ್ಲಿ ಮೂರು ಬಸ್ಸು ನಿಂತಿದ್ದವು. ರಸ್ತೆಯಂಚಿನಲ್ಲಿ ಹಿಮ ಕರಗಿ ಕೆಸರಾಗಿತ್ತು. ಬೀಳ್ಕೊಡುಗೆಗೆ ಪ್ರತಿಸಲ ಶಾಸಕರು ಹಿಂಡುಹಿಂಡಾಗಿ ಬಂದು ಸಾಲಾಗಿ ನಿಂತು ಒಬ್ಬೊಬ್ಬರ ಕೈ ಕುಲುಕುತ್ತಿದ್ದರು. ಪೇಪರಿನಲ್ಲಿ ಹೆಸರು ಬಂದ ಮೇಲೆ ಈ ಸಲ ಅವರಿಗೆಲ್ಲ ಬೇರೆ ಕೆಲಸ ಬಿದ್ದಿತ್ತು. ಅವರ ಬದಲು ರಾಜ್ಯದ ಲಾಂಛನವಿದ್ದ ದೊಡ್ಡ ಕೇಕು ಬಂದಿತ್ತು. ಹುಡುಗರು ಹಸಿದಿದ್ದರು, ತಿಂದರು. ಕ್ರಿಸ್ಟಾ ಎರಡು ತುಂಡು ತಿಂದಳು.

ಒಬ್ಬ ಮಾತ್ರ ಬಂದಿದ್ದ. ಟೆನಂಟ್. ಟೋಪಿ ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ.

"ಆ ಅಜ್ಜ ಯಾಕೆ ಬಂದಿದಾನೆ?" ಕ್ರಿಸ್ಟಾ ಕೇಳಿದಳು.

"ನಿನ್ನ ಕಳಿಸೋಕೆ."

ಮಗಳು ತಾಯಿಯನ್ನು ತಬ್ಬಿಕೊಂಡಳು. ಬೆನ್ನಿಗೆ ಹಾಕಿದ್ದ ಚೀಲದ ಭಾರಕ್ಕೆ ಇಬ್ಬರೂ ಒಂದೇ ಕಡೆ ವಾಲಿದರು. "ಹುಷಾರು," ಅಂದಳು ತಾಯಿ. ಕೇಳಿಸದ ಕಿವಿಯ ಕಡೆ ಹೇಳಿದ್ದು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕ್ರಿಸ್ಟಾ ಬಸ್ಸು ಹತ್ತಿಯಾಗಿತ್ತು.

ಬಸ್ಸುಗಳು ಹೊರಟವು. ಗೇಟು ದಾಟಿ ಹೊಳೆಯ ಕಡೆಗೆ ತಿರುಗಿದವು. ಟೆನಂಟ್ ಟೋಪಿ ಹಾಕಿಕೊಂಡು ತನ್ನ ಕಾರಿನ ಕಡೆ ಹೊರಟ. ವರ್ಲೀನ್ ಅವನ ಮುಂದೆ ಹೋಗಿ ನಿಂತಳು.

"ಎಲ್ಲಿಗೆ?"

"ಮನೆಗೆ ಅಮ್ಮಾ. ಅವರು ಹೊರಟ್ರಲ್ಲ."

"ಕಳಿಸೋದು ಇನ್ನೂ ಮುಗಿದಿಲ್ಲ."

ಅವನ ಕೋಟಿನ ತೋಳು ಹಿಡಿದು ಮತ್ತೆ ಬೇಲಿಯ ಹತ್ತಿರ ತಂದು ನಿಲ್ಲಿಸಿದಳು. ಅವನು ಕೊಸರಲಿಲ್ಲ. ಬಸ್ಸುಗಳು ಸೇತುವೆ ದಾಟಿ ಮರಗಳ ಹಿಂದೆ ಮರೆಯಾದವು. ಅವನು ಉಸಿರುಬಿಟ್ಟು ತಿರುಗಿದ. ಅವಳು ತೋಳು ಬಿಡಲಿಲ್ಲ. ಆಚೆ ಗುಡ್ಡದ ಮೊದಲ ತಿರುವಿನಲ್ಲಿ ಅವು ಮತ್ತೆ ಕಂಡವು. ಮರೆಯಾದವು. ಎರಡನೇ ತಿರುವಿನಲ್ಲಿ ಕಂಡವು. ಮುದುಕನ ಮೂಗಿನಿಂದ ನೀರಿಳಿಯುತ್ತಿತ್ತು.

"ನನ್ನ ಕೈಲಿ ನೋಡೋಕಾಗ್ತಿಲ್ಲ," ಅಂದ.

ಮೂರನೇ ತಿರುವಿನಲ್ಲಿ ಬಸ್ಸುಗಳು ಬೆಂಕಿಪೆಟ್ಟಿಗೆಯಷ್ಟಾಗಿದ್ದವು.

"ನಿಲ್ಲಿ," ಅಂದಳು ವರ್ಲೀನ್. "ಇನ್ನೂ ಕಾಣ್ತಿದೆ."